ಪುಸ್ತಕ ಎಲ್ಲಿ ಕೆಳಗಿಟ್ಟೆ ಅಂತ ಬರೆದಿಟ್ಟುಕೊಂಡ ಕತೆ

ಹೋದ ವರ್ಷ ಒಬ್ಬ ಗೆಳೆಯ ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ ಕೇಳಿದ, "ಇದನ್ನ ನಾನು ಯಾಕೆ ಓದಬೇಕು ಹೇಳು." ಹೇಳಿದೆ. ಎರಡು ನಿಮಿಷ ಚೆನ್ನಾಗಿಯೇ ಹೇಳಿದೆ ಅಂದುಕೊಂಡೆ. ಅವನು ಪುಸ್ತಕ ಇಸಿದುಕೊಂಡು ಹಿಂದೆ ತಿರುಗಿಸಿ ಬೆನ್ನುಡಿ ಓದಿದ. ಆಮೇಲೆ ನಕ್ಕ. ನಾನು ಹೇಳಿದ್ದೆಲ್ಲ ಅಲ್ಲೇ ಅಚ್ಚಾಗಿತ್ತು, ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ.

ಮನೆಗೆ ಬಂದು ನನ್ನ ಹಳೇ ನೋಟ್‌ಬುಕ್ ತೆಗೆದೆ. ಓದಿ ಮುಗಿಸಿದ ಪುಸ್ತಕಗಳ ಹೆಸರು, ಮುಗಿಸಿದ ದಿನ, ಪಕ್ಕದಲ್ಲಿ ಒಂದು ಸಾಲು ಬರೆದಿಡುವ ಅಭ್ಯಾಸ ನನಗೆ ಮೊದಲಿಂದ ಇದೆ. ಆ ಸಾಲುಗಳನ್ನು ಒಟ್ಟಿಗೆ ಓದಿದ್ದು ಅವತ್ತೇ ಮೊದಲು. 'ಮನಸ್ಸಿಗೆ ತಟ್ಟಿತು.' ಮುಂದಿನದು, 'ತುಂಬಾ ತಟ್ಟಿತು.' ಅದರ ಕೆಳಗೆ, 'ಚೆನ್ನಾಗಿದೆ, ಆದರೆ ಸ್ವಲ್ಪ ಉದ್ದ.' ಹೆಸರುಗಳನ್ನು ಅದಲುಬದಲು ಮಾಡಿದರೂ ಏನೂ ವ್ಯತ್ಯಾಸ ಆಗುತ್ತಿರಲಿಲ್ಲ. ಪ್ರಶಸ್ತಿ ಬಂದ ಪುಸ್ತಕಗಳ ಮುಂದಂತೂ ಎಲ್ಲ ಕಡೆ ಹೊಗಳಿಕೆ. ಇಷ್ಟ ಆಗಿತ್ತೋ, ಇಷ್ಟ ಆಗಬೇಕು ಅನ್ನಿಸಿತ್ತೋ, ಈಗ ಯಾರಿಗೆ ಗೊತ್ತು?

ಅವತ್ತಿಂದ ಅಭಿಪ್ರಾಯ ಬರೆಯುವುದನ್ನು ಬಿಟ್ಟೆ. ಬದಲಿಗೆ ಒಂದು ಸಣ್ಣ ಕೆಲಸ ಹಚ್ಚಿಕೊಂಡೆ. ಪುಟದ ಗುರುತಿಗೆ ಇಡುವ ಚೀಟಿಯ ಮೇಲೆಯೇ, ಪುಸ್ತಕ ಕೆಳಗಿಟ್ಟಾಗಲೆಲ್ಲ ಪುಟದ ಸಂಖ್ಯೆ, ಪಕ್ಕದಲ್ಲಿ ಯಾಕೆ ಇಟ್ಟೆ ಅಂತ ಒಂದೇ ಪದ. ಅಷ್ಟೇ. ಏನನ್ನಿಸಿತು ಅಂತ ಬರೆಯಲು ಕೂತರೆ ನಾನು ಸುಳ್ಳು ಹೇಳುತ್ತೇನೆ, ಅದು ನೋಟ್‌ಬುಕ್ಕಿನಲ್ಲೇ ಸಾಬೀತಾಗಿತ್ತು. ಆದರೆ 41ನೇ ಪುಟದಲ್ಲಿ ಪುಸ್ತಕ ಮುಚ್ಚಿದ್ದು ನಿಜ ತಾನೇ? ಅದರಲ್ಲಿ ಸುಳ್ಳು ಹೇಳುವುದಕ್ಕೆ ಏನಿದೆ.

ಮೊದಲ ತಿಂಗಳ ಚೀಟಿಗಳು ನಾಚಿಕೆ ಆಗುವ ಹಾಗಿದ್ದವು. ಪುಟ 9, ಫೋನ್. ಪುಟ 12, ಫೋನ್. ಪುಟ 13, ಫೋನ್. ಪುಸ್ತಕದ ಬಗ್ಗೆ ಅಲ್ಲ, ನನ್ನ ಬಗ್ಗೆಯೇ ವರದಿ ತಯಾರಾಗುತ್ತಿತ್ತು. ಫೋನನ್ನು ಬೇರೆ ಕೋಣೆಯಲ್ಲಿ ಇಡಲು ಶುರು ಮಾಡಿದ ಮೇಲೆಯೇ ಚೀಟಿಗಳಲ್ಲಿ ಏನಾದರೂ ಸಿಗತೊಡಗಿದ್ದು. 'ನಿದ್ದೆ' ಅಂತ ಬರೆಯುವುದನ್ನೂ ನಿಲ್ಲಿಸಿದೆ, ನಿದ್ದೆ ಎಂಥ ಒಳ್ಳೇ ಪುಸ್ತಕಕ್ಕೂ ಬರುತ್ತದೆ. ಇ-ಪುಸ್ತಕದಲ್ಲಿ ಈ ಲೆಕ್ಕ ಸರಿಹೋಗಲಿಲ್ಲ. ಅಕ್ಷರ ದೊಡ್ಡದು ಮಾಡಿದರೆ ಪುಟಗಳೇ ಜಾಸ್ತಿ ಆಗಿಬಿಡುತ್ತವೆ! ಹಾಗಾಗಿ ಅದರಲ್ಲಿ ಸಂಖ್ಯೆ ಬಿಟ್ಟು, ನಿಂತ ಸಾಲಿನ ಮೊದಲ ಎರಡು ಪದ ಬರೆದುಕೊಳ್ಳುತ್ತೇನೆ.

ಚೀಟಿ ನಿಜವಾಗಿ ಕೆಲಸ ಮಾಡಿದ್ದು ಸಮಂತಾ ಹಾರ್ವಿ ಅವರ 'ಆರ್ಬಿಟಲ್' ಓದುವಾಗ. 2024ರ ಬುಕರ್ ಪ್ರಶಸ್ತಿ ಬಂದ ಕಾದಂಬರಿ. ಸಣ್ಣದು, 150 ಪುಟವೂ ಇಲ್ಲ. ಬಾಹ್ಯಾಕಾಶ ನಿಲ್ದಾಣದಲ್ಲಿ ಆರು ಜನ, ಒಂದೇ ಒಂದು ದಿನ. ನಿಲ್ದಾಣ ಭೂಮಿಯನ್ನು ಒಂದು ಸುತ್ತು ಹಾಕುವುದಕ್ಕೆ ಸುಮಾರು 90 ನಿಮಿಷ, ಅಂದರೆ ದಿನಕ್ಕೆ 16 ಸುತ್ತು. ಪುಸ್ತಕವೂ ಹಾಗೇ ಸುತ್ತು ಸುತ್ತಾಗಿಯೇ ಸಾಗುತ್ತದೆ. ಕತೆ ಅನ್ನುವಂಥದ್ದು ಹೆಚ್ಚೇನಿಲ್ಲ. ಹತ್ತು ಹನ್ನೆರಡು ಸಲ ಕೆಳಗಿಟ್ಟೆ. ಮೊದಲೆರಡು ಸಲ 'ಬೇಸರ' ಅಂತ ಬರೆದೆ, ಮೂರನೇ ಸಲ ಬರೆಯಹೋಗಿ ಕೈ ತಡೆಯಿತು. ಬೇಸರ ಆಗಿರಲಿಲ್ಲ. ಕಿಟಕಿಯ ಹತ್ತಿರ ಹೋಗಿ ಸುಮ್ನೆ ಆಕಾಶ ನೋಡಿ ಬಂದಿದ್ದೆ. ಹಾಗಾದರೆ ಇದಕ್ಕೆ ಏನು ಹೆಸರು? 'ಸಾಕಷ್ಟಾಯಿತು, ಸದ್ಯಕ್ಕೆ' ಅಂತ ಬರೆದೆ. ಹಬ್ಬದ ಊಟದ ನಡುವೆ ನೀರು ಕುಡಿಯುವ ಹಾಗೆ.

ಆದರೆ ಅದೇ ಚೀಟಿಯಲ್ಲಿ ಇನ್ನೊಂದು ವಿಷಯವೂ ಇತ್ತು, ಅಂದರೆ ಇರಲಿಲ್ಲ. ಆ ಆರು ಜನರಲ್ಲಿ ಚಿಯೆ ಅನ್ನುವವಳಿಗೆ ಮೇಲಿರುವಾಗಲೇ ತಾಯಿ ತೀರಿಕೊಂಡ ಸುದ್ದಿ ಬರುತ್ತದೆ. ಮಣ್ಣಿಗೆ ಹೋಗುವುದಕ್ಕೂ ಆಗುವುದಿಲ್ಲ. ಪುಸ್ತಕ ಮುಗಿಸಿ ಚೀಟಿ ನೋಡಿದರೆ ಅಲ್ಲಿ ನಾನು ಎಲ್ಲೂ ನಿಂತೇ ಇಲ್ಲ. ಮೋಡ, ಸಮುದ್ರ, ಸೂರ್ಯೋದಯ, ಇವಕ್ಕೆಲ್ಲ ನಿಂತಿದ್ದೇನೆ, ಸಾವಿಗೆ ನಿಂತಿಲ್ಲ. ಮೊದಲು ನನ್ನ ಮೇಲೇ ಸಿಟ್ಟು ಬಂತು. ಮತ್ತೆ ಆ ಪುಟಗಳಿಗೆ ಹೋಗಿ ಓದಿದೆ. ಬರವಣಿಗೆ ಎಷ್ಟು ನಯವಾಗಿದೆ ಅಂದರೆ ಸಾವೂ ಕಿಟಕಿಯಾಚೆಯ ಒಂದು ನೋಟದ ಹಾಗೆ ತೇಲಿ ಹೋಗಿಬಿಡುತ್ತದೆ. ನನಗೆ ಇದು ಪುಸ್ತಕದ ಕೊರತೆ ಅಂತಲೇ ಈಗಲೂ ಅನ್ನಿಸುತ್ತದೆ. ದೂರದಿಂದ ಎಲ್ಲವೂ ಚಂದ ಕಾಣುತ್ತದೆ ಅನ್ನುವುದೇ ಲೇಖಕಿಯ ಮಾತು ಅಂತ ಬೇರೆಯವರು ವಾದಿಸಬಹುದು, ವಾದಿಸಲಿ.

ಹಾನ್ ಕಾಂಗ್ ಅವರ 'ದ ವೆಜಿಟೇರಿಯನ್' ಕೆಳಗಿಟ್ಟಿದ್ದು ಒಂದೇ ಸಲ, ಆದರೆ ಹನ್ನೊಂದು ದಿನ ಮತ್ತೆ ಎತ್ತಲಿಲ್ಲ. ಕೊರಿಯನ್‌ನಲ್ಲಿ 2007ರಲ್ಲಿ ಬಂದ ಪುಸ್ತಕ, ಇಂಗ್ಲಿಷಿಗೆ ಬಂದು 2016ರಲ್ಲಿ ಅಂತಾರಾಷ್ಟ್ರೀಯ ಬುಕರ್ ಪಡೆಯಿತು. ಲೇಖಕಿಗೆ 2024ರಲ್ಲಿ ನೊಬೆಲ್ ಬಂದ ಮೇಲೆ, ಎಲ್ಲರ ಹಾಗೆ ನಾನೂ ಓದಲು ಕೂತೆ. ಮನೆಯವರೆಲ್ಲ ಊಟಕ್ಕೆ ಸೇರಿದಾಗ ಅಪ್ಪ, ಮಾಂಸ ತಿನ್ನುವುದನ್ನು ಬಿಟ್ಟ ಮಗಳ ಬಾಯಿಗೆ ಬಲವಂತವಾಗಿ ಮಾಂಸ ತುರುಕುವ ಜಾಗ ಇದೆ. ಅಲ್ಲಿ ಮುಚ್ಚಿದೆ. ಚೀಟಿಯಲ್ಲಿ 'ಆಗಲ್ಲ' ಅಂತಿದೆ, ಅಕ್ಷರ ಸೊಟ್ಟ.

ಹನ್ನೊಂದು ದಿನ ಆದ ಮೇಲೆ ಗೊತ್ತಾಗಿದ್ದೇನೆಂದರೆ, ನನ್ನನ್ನು ತಡೆದದ್ದು ಆ ಹಿಂಸೆ ಒಂದೇ ಅಲ್ಲ. ಅದನ್ನು ಹೇಳುತ್ತಿರುವವನು ಅವಳ ಗಂಡ. ಕಚೇರಿಯಲ್ಲಿ ಆಗಿದ್ದನ್ನು ಹೇಳುವ ಧಾಟಿಯಲ್ಲಿ ಹೇಳುತ್ತಾನೆ. ಮೂರು ಭಾಗಗಳಲ್ಲಿ ಒಂದರಲ್ಲೂ ಕತೆ ಹೇಳುವ ಸರದಿ ಅವಳಿಗೆ ಬರುವುದಿಲ್ಲ. ಮೊದಲದು ಗಂಡನದು, ಎರಡನೆಯದು ಭಾವನ ಸುತ್ತ, ಮೂರನೆಯದು ಅಕ್ಕನ ಸುತ್ತ. ಅವಳ ದನಿ ನೇರವಾಗಿ ಕೇಳುವುದು ಮೊದಲ ಭಾಗದ ಕನಸುಗಳಲ್ಲಿ ಮಾತ್ರ. ಮತ್ತೆ ಓದಲು ಕೂತಾಗ ಆ ಕನಸುಗಳನ್ನು ಮೊದಲು ಓದಿಕೊಂಡು ಆಮೇಲೆ ಮುಂದೆ ಹೋದೆ. ಇದು ಸರಿಯಾದ ಓದು ಅಲ್ಲದಿರಬಹುದು. ಆದರೆ ಹಾಗೆ ಮಾಡದಿದ್ದರೆ ಆ ಪುಸ್ತಕ ಇವತ್ತಿಗೂ ಅರ್ಧಕ್ಕೇ ಇರುತ್ತಿತ್ತು.

'ಬೇಸರ' ಅನ್ನುವ ಪದ ಅತಿ ಹೆಚ್ಚು ಸಲ ಬಂದಿದ್ದು ಗೀತಾಂಜಲಿ ಶ್ರೀ ಅವರ ಹಿಂದಿ ಕಾದಂಬರಿ 'ರೇತ್ ಸಮಾಧಿ'ಯ ಚೀಟಿಯಲ್ಲಿ. ನಾನು ಓದಿದ್ದು ಡೇಸಿ ರಾಕ್‌ವೆಲ್ ಅವರ ಇಂಗ್ಲಿಷ್ ಅನುವಾದ, 2022ರ ಅಂತಾರಾಷ್ಟ್ರೀಯ ಬುಕರ್ ಬಂದದ್ದು. 80 ವರ್ಷದ ಅಜ್ಜಿ, ಗಂಡ ತೀರಿಹೋದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದಾಳೆ. ಏಳುವುದಿಲ್ಲ. ಪುಟದ ಮೇಲೆ ಪುಟ ಹೋದರೂ ಏಳುವುದಿಲ್ಲ. ಲೇಖಕಿಯೋ, ಬಾಗಿಲ ಬಗ್ಗೆ, ಅದರ ಬಗ್ಗೆ, ಇದರ ಬಗ್ಗೆ ಆರಾಮಾಗಿ ಮಾತಾಡುತ್ತಾ ಇರುತ್ತಾರೆ. ನಾನು ಬೇಸರ, ಬೇಸರ, ಬೇಸರ ಅಂತ ಬರೆಯುತ್ತಾ ಹೋದೆ. ಐದನೇದೋ ಆರನೇದೋ ಸಲ ಇರಬೇಕು, 'ಏಳಮ್ಮ ಸಾಕು' ಅಂತ ಬರೆದಿದ್ದೇನೆ. ಬರೆದಾದ ಮೇಲೆ ನೋಡಿದರೆ, ಆ ಮನೆಯವರೆಲ್ಲ ಬಂದು ಬಂದು ಅವಳಿಗೆ ಹೇಳುತ್ತಿದ್ದುದೂ ಅದನ್ನೇ ಅಲ್ವಾ! ಮಗ ಬಂದು ಹೇಳುತ್ತಾನೆ, ಮೊಮ್ಮಗ ಬಂದು ರಮಿಸುತ್ತಾನೆ, ನಾನೂ ಹಾಸಿಗೆ ಪಕ್ಕ ನಿಂತು ಗೊಣಗುತ್ತಿದ್ದೇನೆ. ಆಮೇಲೆ ಅವಸರ ಮಾಡಲಿಲ್ಲ. ಬೇಸರ ಆಗಲೇ ಇಲ್ಲ ಅಂತಲ್ಲ, ನಡುವೆ ಇನ್ನೂ ಎರಡು ಕಡೆ ಆಯಿತು, ಅವು ಮಾತ್ರ ನಿಜವಾದ ಬೇಸರವೇ.

ಈಗ ಸ್ವಲ್ಪ ಉದ್ದ ಹೇಳಬೇಕಾದ್ದು ಬಾನು ಮುಷ್ತಾಕ್ ಅವರ ಕತೆಗಳ ಬಗ್ಗೆ. 2025ರಲ್ಲಿ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬುಕರ್ ಬಂತು. ಕನ್ನಡಕ್ಕೆ ಮೊದಲ ಸಲ, ಸಣ್ಣಕತೆಗಳ ಸಂಕಲನವೊಂದಕ್ಕೂ ಮೊದಲ ಸಲ. 1990ರಿಂದ 2023ರ ನಡುವೆ ಬರೆದ ಕತೆಗಳಿಂದ 12 ಆರಿಸಿ ದೀಪಾ ಭಾಸ್ತಿ ಅನುವಾದ ಮಾಡಿದ್ದು. ಮೂವತ್ತು ವರ್ಷದಿಂದ ನಮ್ಮ ಭಾಷೆಯಲ್ಲೇ ಇದ್ದ ಕತೆಗಳನ್ನು ಬಹುಮಾನ ಬಂದ ಮೇಲೆ ಹುಡುಕಿಕೊಂಡು ಓದಿದವರಲ್ಲಿ ನಾನೂ ಒಬ್ಬ. ಒಪ್ಪಿಕೊಂಡುಬಿಡುತ್ತೇನೆ.

ಆ ಸಂಕಲನಕ್ಕೆ ಹೆಸರು ಕೊಟ್ಟ 'ಎದೆಯ ಹಣತೆ' ಕತೆಯನ್ನು ಮೊದಲು ಕನ್ನಡದಲ್ಲಿ ಓದಿದೆ, ಒಂದು ವಾರ ಬಿಟ್ಟು ಇಂಗ್ಲಿಷಿನಲ್ಲಿ, ಎರಡಕ್ಕೂ ಬೇರೆ ಬೇರೆ ಚೀಟಿ. ಗಂಡ ಬೇರೆ ಹೆಣ್ಣಿನ ಹಿಂದೆ ಹೋಗಿದ್ದಾನೆ ಅಂತ ಮೆಹರುನ್ ಕೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣತಮ್ಮಂದಿರು ಮನೆತನದ ಮಾನದ ಮಾತಾಡಿ ವಾಪಸು ಬಿಟ್ಟು ಬರುತ್ತಾರೆ. ರಾತ್ರಿ ಅವಳು ಮೈಮೇಲೆ ಸೀಮೆಎಣ್ಣೆ ಸುರಿದುಕೊಂಡಾಗ ಮಗಳು ಸಲ್ಮಾ ಕೂಸಿನೊಂದಿಗೆ ಬಂದು ತಡೆಯುತ್ತಾಳೆ. ಕನ್ನಡದಲ್ಲಿ ನಾನು ನಿಂತಿದ್ದು ಸೀಮೆಎಣ್ಣೆಯ ಹತ್ತಿರ ಅಲ್ಲ, ತವರಿನಲ್ಲಿ. ಆ ಮಾತುಗಳು ಕಿವಿಗೆ ತೀರಾ ಪರಿಚಿತ. ಅವನ್ನು ಆಡುವಾಗ ದನಿ ಹೇಗಿರುತ್ತದೆ, ಎಲ್ಲಿ ತಗ್ಗುತ್ತದೆ ಅಂತಲೂ ನನಗೆ ಗೊತ್ತು. ಕತೆಯ ಕೊನೆಗೆ ಹೋಗುವ ಮೊದಲೇ ಮುಚ್ಚಿಟ್ಟು ಎದ್ದುಹೋಗಿದ್ದೆ. ಚೀಟಿಯಲ್ಲಿ ಇದ್ದ ಪದ, 'ಗೊತ್ತಿದೆ'.

ಇಂಗ್ಲಿಷಿನಲ್ಲಿ ತವರಿನ ಭಾಗ ಸಲೀಸಾಗಿ ದಾಟಿತು. ನಿಂತಿದ್ದು ಬೇರೆ ಕಡೆಗಳಲ್ಲಿ, ಸಣ್ಣಸಣ್ಣ ಜಾಗಗಳಲ್ಲಿ. ಅನುವಾದಕಿ ಊಟ, ಉಡುಗೆ, ಸಂಬಂಧಗಳ ಎಷ್ಟೋ ಪದಗಳನ್ನು ಹಾಗೇ ಉಳಿಸಿಕೊಂಡಿದ್ದಾರೆ, ಅಡಿಟಿಪ್ಪಣಿ ಇಲ್ಲ, ವಾಲಿಸಿದ ಅಕ್ಷರವೂ ಇಲ್ಲ. ಆ ಪದಗಳ ಹತ್ತಿರ ನಾನು ನಿಲ್ಲಲಿಲ್ಲ, ಅವು ನಮ್ಮವೇ. ನಿಂತಿದ್ದು ಅಚ್ಚ ಇಂಗ್ಲಿಷ್ ಸಾಲುಗಳಲ್ಲಿ. ಇದು ಕನ್ನಡದಲ್ಲಿ ಹೇಗಿತ್ತು ಅಂತ ತಲೆ ತಾನಾಗಿಯೇ ಹಿಂದಕ್ಕೆ ಅನುವಾದ ಮಾಡಲು ಹೊರಡುತ್ತಿತ್ತು. ಎರಡು ಚೀಟಿ ಪಕ್ಕ ಪಕ್ಕ ಇಟ್ಟರೆ ಒಂದೇ ಕತೆ ಓದಿದ್ದು ಅಂತ ಯಾರೂ ಹೇಳುವುದಿಲ್ಲ. ಒಂದರಲ್ಲಿ ನಾನು ಕತೆಯೊಳಗಿನ ಸಂಬಂಧಿಕ, ಇನ್ನೊಂದರಲ್ಲಿ ಪದ ಎಣಿಸುವ ಗುಮಾಸ್ತ. ಕನ್ನಡದವರು ಕನ್ನಡದ ಕತೆಯನ್ನು ಇಂಗ್ಲಿಷಿನಲ್ಲಿ ಓದಿ ಅನುವಾದ ಚೆನ್ನಾಗಿದೆ, ಇಲ್ಲ ಅಂತ ತೀರ್ಪು ಕೊಡುವುದು ನೋಡಿದರೆ ಈಗ ಸ್ವಲ್ಪ ಅನುಮಾನ ಬರುತ್ತದೆ. ಆ ಅನುವಾದ ನಮಗಾಗಿ ಮಾಡಿದ್ದೇ ಅಲ್ಲವಲ್ಲ.

ಖಾಲಿ ಚೀಟಿಯೂ ಒಂದಿದೆ. ಕ್ಲೇರ್ ಕೀಗನ್ ಅವರ 'ಸ್ಮಾಲ್ ಥಿಂಗ್ಸ್ ಲೈಕ್ ದೀಸ್', 2021ರ ಪುಸ್ತಕ, ತೀರಾ ಚಿಕ್ಕದು. ಒಂದೇ ಗುಕ್ಕಿಗೆ ಓದಿದೆ. ಹಿಂದಿನ ನೋಟ್‌ಬುಕ್ ಆಗಿದ್ದರೆ 'ಕೆಳಗಿಡಲು ಮನಸ್ಸೇ ಬರಲಿಲ್ಲ' ಅಂತ ಹೆಮ್ಮೆಯಿಂದ ಬರೆಯುತ್ತಿದ್ದೆ. ಈ ಸಲ ಖಾಲಿ ಚೀಟಿ ನೋಡಿ ಒಂಥರಾ ಕಸಿವಿಸಿ ಆಯಿತು. 1985ರ ಐರ್ಲೆಂಡ್, ಕ್ರಿಸ್‌ಮಸ್ ಹತ್ತಿರ. ಬಿಲ್ ಫರ್ಲಾಂಗ್ ಅನ್ನುವ ಕಲ್ಲಿದ್ದಲು ವ್ಯಾಪಾರಿ ಕಾನ್ವೆಂಟಿಗೆ ಕಲ್ಲಿದ್ದಲು ಹಾಕಲು ಹೋದಾಗ ಅಲ್ಲಿನ ಶೆಡ್ಡಿನಲ್ಲಿ ಕೂಡಿಹಾಕಿದ ಹುಡುಗಿಯೊಬ್ಬಳು ಸಿಗುತ್ತಾಳೆ. ಮದುವೆಯಾಗದೆ ಬಸಿರಾದ ಹುಡುಗಿಯರನ್ನು ದುಡಿಸಿಕೊಳ್ಳುತ್ತಿದ್ದ ಮ್ಯಾಗ್ಡಲೀನ್ ಲಾಂಡ್ರಿಗಳು ಆ ದೇಶದಲ್ಲಿ ನಿಜವಾಗಿ ಇದ್ದವು, ಕೊನೆಯದು ಮುಚ್ಚಿದ್ದು 1996ರಲ್ಲಿ. ಅಂದರೆ ಇದೇನು ಪುರಾಣಕಾಲದ ಮಾತಲ್ಲ. ಅವನು ಆ ಹುಡುಗಿಯನ್ನು ಬಿಡಿಸುತ್ತಾನೋ ಇಲ್ಲವೋ ಅನ್ನುವುದೊಂದೇ ಹಿಡಿದು ಓಡಿದ್ದೆ.

ಹದಿನೈದು ದಿನ ಬಿಟ್ಟು ಎರಡನೇ ಸಲ ಓದಿದೆ, ಈ ಸಲ ಕೊನೆ ಗೊತ್ತಿತ್ತು. ಆಗ ಒಂದು ಕಡೆ ಗಕ್ಕನೆ ನಿಂತೆ. ಕಾನ್ವೆಂಟಿನ ಮುಖ್ಯಸ್ಥೆ ಅವನನ್ನು ಒಳಗೆ ಕರೆದು ಕೂರಿಸಿ, ಮೆತ್ತಗೆ ಮಾತಾಡಿ, ಹಬ್ಬಕ್ಕೆ ಅಂತ ಹಣವಿದ್ದ ಕವರ್ ಕೊಡುತ್ತಾಳೆ. ಅವನು ತೆಗೆದುಕೊಳ್ಳುತ್ತಾನೆ. ಮೊದಲ ಓದಿನಲ್ಲಿ ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಕೊನೆಗೆ ಅವನು ಏನು ಮಾಡುತ್ತಾನೆ ಅನ್ನುವುದಕ್ಕಿಂತ ಈ ಕವರ್ ನನಗೆ ದೊಡ್ಡದಾಗಿ ಕಾಣುತ್ತಿದೆ ಈಗ. ನಾನಾದರೂ ತೆಗೆದುಕೊಳ್ಳುತ್ತಿದ್ದೆ.

ಈ ಅಭ್ಯಾಸದಿಂದ ತೊಂದರೆ ಇಲ್ಲ ಅಂತಲ್ಲ. ಕೆಲವು ದಿನ, ಓದುತ್ತಿರುವಾಗಲೇ 'ಇಲ್ಲಿ ನಿಲ್ಲಿಸಿದರೆ ಚೀಟಿ ಚೆನ್ನಾಗಿರುತ್ತದೆ' ಅನ್ನುವ ಯೋಚನೆ ಬಂದುಬಿಡುತ್ತದೆ. ಅದು ಬಂದ ದಿನ ಪೆನ್ಸಿಲ್ಲನ್ನು ಮೇಜಿನ ಡ್ರಾಯರಿಗೆ ಹಾಕಿ ಚೀಟಿ ಇಲ್ಲದೆ ಓದುತ್ತೇನೆ. ಪತ್ತೇದಾರಿ ಕಾದಂಬರಿಗಳಿಗೆ ಚೀಟಿ ಇಡುವುದೇ ಇಲ್ಲ, ಅದೆಲ್ಲ ಅತಿಯಾಯಿತು.

ಮೊನ್ನೆ ಅದೇ ಗೆಳೆಯನಿಂದ ತಂದಿದ್ದ ಒಂದು ಪುಸ್ತಕ ವಾಪಸು ಕೊಟ್ಟೆ. ಹೆಸರು ಬೇಡ, ಎಲ್ಲರೂ ಹೊಗಳುತ್ತಿರುವ ಹೊಸ ಕಾದಂಬರಿ. ಚೆನ್ನಾಗಿತ್ತು ಅಂತ ಹೇಳಿಯೇ ಕೊಟ್ಟೆ, ಅವನಿಗೆ ಅದು ತುಂಬಾ ಇಷ್ಟ ಅಂತ ನನ್ನ ಲೆಕ್ಕ. ಚೀಟಿ ಒಳಗೇ ಉಳಿದುಬಿಟ್ಟಿತ್ತು. ರಾತ್ರಿ ಅವನಿಂದ ಒಂದು ಫೋಟೊ ಬಂತು. ಚೀಟಿಯದ್ದು. ಮೇಲೆ ನನ್ನ ಅಕ್ಷರ, 'ಪುಟ 64, ಇನ್ನು ನನ್ನ ಕೈಲಾಗಲ್ಲ.' ಅದರ ಕೆಳಗೆ ಅವನ ಅಕ್ಷರ, 'ಪುಟ 37. ನೀನೇ ವಾಸಿ ಕಣೋ.'