ಜಿಪ್ಸಿಯ ಬೆನ್ನಿಗೆ ಕಟ್ಟಿದ ಗಂಜಿ

ಮಲಗಲು, ಉಣ್ಣಲು ಅನುಕೂಲ ಮಾಡಿಕೊಂಡ ಮಾರುತಿ ಜಿಪ್ಸಿಯಲ್ಲಿ ಬಿಡಾರಕ್ಕೆಂದು ಮೊದಲ ಸಲ ಹೊರಟಾಗಲೇ ಬ್ಯಾಟರಿಯ ಆ್ಯಸಿಡ್ ಚೆಲ್ಲಿತು. ಕಾಸರಗೋಡಿನ ಬಂದಡ್ಕದ ಆಚೆ ಸಂಬಂಧಿಕರ ಗೇರುತೋಟಕ್ಕೆ ಹತ್ತುವ ದಾರಿ. ಮಳೆನೀರು ಕೊರೆದ ಕಣಿಗೆ ಎಡಗಡೆಯ ಎರಡೂ ಚಕ್ರಗಳು ಇಳಿದವು. ಜಿಪ್ಸಿ ವಾಲಿತು, ಕ್ಯಾರಿಯರಿನಲ್ಲಿದ್ದ ಮೂರು ಕ್ಯಾನ್ ನೀರು ಅದನ್ನು ಅತ್ತಲೇ ಇನ್ನಷ್ಟು ಎಳೆಯಿತು. ಪಕ್ಕದಲ್ಲಿದ್ದ ಭಾವ ಬಾಗಿಲಿಗೆ ಕೈ ಹಾಕಿದರು. ವಾಲಿದ ಕಡೆಗೇ ಹಾರಿದರೆ ಗಾಡಿ ಮೈಮೇಲೆ ಬೀಳುತ್ತದೆ. ರಟ್ಟೆ ಹಿಡಿದು ಕೂರಿಸಿದೆ. ಹೇಗೋ ಹಿಂದಕ್ಕೆ ತೆಗೆದು ನಿಲ್ಲಿಸಿದಾಗ ಹಿಂದಿನಿಂದ ಮೂಗಿಗೆ ಹೊಡೆಯುವ ಹುಳಿ ವಾಸನೆ. ಮನೆಯ ಇನ್ವರ್ಟರಿನಿಂದ ಕಿತ್ತು ತಂದಿದ್ದ ಬ್ಯಾಟರಿ ನೆಲದ ತಗಡಿನ ಮೇಲೆ ಆ್ಯಸಿಡ್ ಕಕ್ಕಿತ್ತು.

ಗಾಡಿಯ ತಪ್ಪು ಇದರಲ್ಲಿ ಏನೂ ಇರಲಿಲ್ಲ. ಅದು 2008ರ ಹಾರ್ಡ್‌ಟಾಪ್ ಜಿಪ್ಸಿ, 1.3 ಲೀಟರ್ ಪೆಟ್ರೋಲ್ ಎಂಜಿನ್. ಪುತ್ತೂರಿನ ಕಡೆಯಿಂದ ಕೊಂಡದ್ದು. ಅಲ್ಲಿನ ಕೆಎ 21 ನೋಂದಣಿ ಹೋಗಿ ಕಾಸರಗೋಡಿನ ಕೆಎಲ್ 14 ಆಗುವಷ್ಟರಲ್ಲಿ ನಿರಾಕ್ಷೇಪಣಾ ಪತ್ರ, ಕೇರಳದ ತೆರಿಗೆ ಎಂದು ಗಡಿಯಲ್ಲಿ ಹುಟ್ಟಿದವರಿಗೆ ಗೊತ್ತಿರುವ ಅಲೆದಾಟವೆಲ್ಲ ಆಯಿತು. ಕೊಳ್ಳುವ ಮೊದಲು ಎಂಜಿನ್ನಿಗಿಂತ ಹೆಚ್ಚು ಹೊತ್ತು ಗಾಡಿಯ ಅಡಿಯಲ್ಲಿ ಮಲಗಿದ್ದೆ. ಕರಾವಳಿಯಲ್ಲಿ ಓಡಿದ ಗಾಡಿಯನ್ನು ತಿನ್ನುವುದು ತುಕ್ಕು. ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ಚಾಸಿಗೆ, ಅಂದರೆ ಗಾಡಿಯ ಅಡಿಗಟ್ಟಿಗೆ, ಸೇರುವ ಜಾಗವನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿದೆ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ಹೊಸ ಬಣ್ಣದಡಿ ಕೊಳೆತದ್ದು ಮೊಂಡು ಸದ್ದು ಮಾಡಿ ಒಳಗೆ ಹೋಗುತ್ತದೆ. ಆಮೇಲೆ ಸಡಿಲ ಮಣ್ಣಿನಲ್ಲಿ ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಬಲದ ಗೇರು) ಹಾಕಿ ಏರಿಸಿದೆ. ಲಿವರ್ ತಾನಾಗಿ ಜಾರಿದರೆ ವ್ಯಾಪಾರವೇ ಬೇಡ ಎಂದುಕೊಂಡಿದ್ದೆ. ಜಾರಲಿಲ್ಲ. ಟೈಮಿಂಗ್ ಬೆಲ್ಟಿನ ವಯಸ್ಸು ಮಾರಿದವರಿಗೂ ಗೊತ್ತಿರಲಿಲ್ಲವಾದ್ದರಿಂದ ಮೊದಲ ಖರ್ಚು ಅದಕ್ಕೇ.

ಒಳಗಿನ ಏರ್ಪಾಡಿನಲ್ಲಿ ಒಂದೇ ಹಠ ಹಿಡಿದೆ: ಗಾಡಿಯ ಮೈಯನ್ನು ಎಲ್ಲಿಯೂ ಕೊಯ್ಯಬಾರದು. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಆ ಪ್ರಕರಣ ಹುಟ್ಟಿದ್ದು ಕೇರಳದಲ್ಲೇ. ಹಾಗಾಗಿ ಹಿಂದೆ ಪ್ಲೈವುಡ್ಡಿನ ಎರಡು ಪೆಟ್ಟಿಗೆ, ಅವುಗಳ ಮೇಲೆ ಅಡಿಕೆ ಮರದ ದಬ್ಬೆ ಸೀಳಿ ಜೋಡಿಸಿದ ಮಂಚ. ಎಲ್ಲವನ್ನೂ ಗಾಡಿಯಲ್ಲಿ ಮೊದಲೇ ಇದ್ದ ಕೊಂಡಿಗಳಿಗೆ ಬೆಲ್ಟಿನಿಂದ ಬಿಗಿದಿದ್ದೇನೆ, ಅರ್ಧ ಗಂಟೆಯಲ್ಲಿ ಬಿಚ್ಚಬಹುದು. ಅದರ ಮೇಲೆ ಒಬ್ಬ ಮಲಗಬಹುದು, ಅದೂ ಎಡಸೀಟನ್ನು ಮುಂದಕ್ಕೆ ಮಡಚಿದರೆ. ಇನ್ನೊಬ್ಬನಿಗೆ ಹೊರಗೆ ಟೆಂಟು. ಅಡಿಕೆಗೆ ಹೊದಿಸುತ್ತಿದ್ದ ಟಾರ್ಪಾಲೇ ಈಗ ಇಬ್ಬರಿಗೂ ಜಗಲಿ.

ಆ್ಯಸಿಡ್ ಚೆಲ್ಲಿದ ಮರುದಿನ ಎಲ್ಲವನ್ನೂ ಅಂಗಳಕ್ಕೆ ಇಳಿಸಿ ಅಡಿಕೆ ತೂಗುವ ತಕ್ಕಡಿಗೆ ಹಾಕಿದೆವು. ಬ್ಯಾಟರಿಯೊಂದೇ ಐವತ್ತು ಕಿಲೋ ದಾಟಿತು. ಅದರ ಬದಲು 50 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಕೊಂಡೆ. ತೂಕ ಏಳು ಕಿಲೋದೊಳಗೆ. ಅದರಲ್ಲಿ ಸುಮಾರು 640 ವಾಟ್ ಅವರ್ ಇರುತ್ತದೆ. ಎರಡು ದೀಪ, ಎರಡು ಮೊಬೈಲ್, ರಾತ್ರಿಯಿಡೀ ಒಂದು ಸಣ್ಣ ಫ್ಯಾನ್ ಎಂದರೆ ದಿನಕ್ಕೆ 160ರಷ್ಟು ಸಾಕು. ಬಿಸಿಲೇ ಕಾಣದಿದ್ದರೂ ನಾಲ್ಕು ದಿನ ಸಾಗುತ್ತದೆ, ಆದ್ದರಿಂದ ಮಾಡಿನ ಮೇಲಿನ ಸೋಲಾರ್ ಹಲಗೆಯನ್ನೂ ಇಳಿಸಿದೆ. ಲಿಥಿಯಂ ಬ್ಯಾಟರಿಯನ್ನು ಮಾತ್ರ ನೇರವಾಗಿ ಎಂಜಿನ್ನಿನ ಬಲದಿಂದ ಕರೆಂಟು ಹುಟ್ಟಿಸುವ ಆಲ್ಟರ್ನೇಟರಿಗೆ ಜೋಡಿಸಬೇಡಿ. ಅದು ಸಿಕ್ಕಷ್ಟೂ ಕರೆಂಟು ಎಳೆಯುತ್ತದೆ, ಆಲ್ಟರ್ನೇಟರ್ ಕಾದು ಸುಡುತ್ತದೆ. ನಡುವೆ 20 ಆಂಪಿಯರಿನ ಡಿಸಿ ಚಾರ್ಜರ್ ಇಟ್ಟಿದ್ದೇನೆ, ಎರಡೂವರೆ ಗಂಟೆ ಓಡಿಸಿದರೆ ತುಂಬುತ್ತದೆ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ದೂರವಿದ್ದರೆ ನಡುವಿನ ತಂತಿಗೆ ರಕ್ಷಣೆಯೇ ಇಲ್ಲ.

ಫ್ರಿಜ್ ಬೇಕೆಂದು ಭಾವ ಇಂದಿಗೂ ಹೇಳುತ್ತಾರೆ. ಮಜ್ಜಿಗೆಮೆಣಸು, ಉಪ್ಪಿನಕಾಯಿ, ಹಪ್ಪಳ ತಿನ್ನುವವರಿಗೆ ಫ್ರಿಜ್ ಯಾಕೆ? ನನಗೆ ನಿಜವಾಗಿ ತಲೆನೋವಾದದ್ದು ಕುಚ್ಚಲಕ್ಕಿ. ಅದು ಬೇಯುವಷ್ಟರಲ್ಲಿ ಐದು ಕಿಲೋದ ಸಿಲಿಂಡರ್ ಸೊರಗುತ್ತಿತ್ತು. ದಾರಿ ತೋರಿಸಿದವಳು ಹೆಂಡತಿ. ಇಲ್ಲಿನ ಎಷ್ಟೋ ಅಡುಗೆಮನೆಗಳಲ್ಲಿರುವ ಥರ್ಮಲ್ ಕುಕ್ಕರ್ ನಮ್ಮಲ್ಲೂ ಇತ್ತು: ಒಳಗೆ ಸ್ಟೀಲ್ ಪಾತ್ರೆ, ಹೊರಗೆ ಶಾಖ ಬಿಡದ ದಪ್ಪ ಡಬ್ಬ. ಬೆಳಿಗ್ಗೆ ಹೊರಡುವ ಮೊದಲು ಅಕ್ಕಿಯನ್ನು ಕಾಲು ಗಂಟೆ ಕೊತಕೊತ ಕುದಿಸಿ, ಪಾತ್ರೆಯನ್ನು ಡಬ್ಬಕ್ಕಿಳಿಸಿ ಸೀಟಿನ ಬೆನ್ನಿಗೆ ಬಿಗಿಯುತ್ತೇನೆ. ಮುಳ್ಳೇರಿಯ ದಾಟಿ ಕುಲುಕಾಡಿಕೊಂಡು ತೋಟ ಮುಟ್ಟುವಾಗ ಗಂಜಿ ತಯಾರಾಗಿರುತ್ತದೆ. ಮುಚ್ಚಳ ತೆಗೆದರೆ ಕನ್ನಡಕದ ಮೇಲೆ ಹಬೆ ಕೂರುತ್ತದೆ.

ನೀರಿನ ಕ್ಯಾನ್‌ಗಳು ಎರಡಾಗಿ, ಎರಡೂ ಹಿಂದಿನ ಆ್ಯಕ್ಸಲಿನ ನೇರಕ್ಕೆ ನೆಲದ ಮೇಲೆ ಬಂದವು. ನಲವತ್ತು ಲೀಟರ್ ಇಬ್ಬರಿಗೆ ಮೂರು ದಿನ ಧಾರಾಳ. ತುಂಬಿಸುವುದು ಮನೆಯ ಹಿಂದಿನ ಮುರಕಲ್ಲಿನ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಿಂದ, ಬೇಸಗೆಯಲ್ಲೂ ತಣ್ಣಗಿರುವ ನೀರು.

ಬಿಡಾರ ಹೂಡುವುದು ಗೊತ್ತಿದ್ದವರ ಜಾಗದಲ್ಲಿ ಮಾತ್ರ; ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ಕಾರಡ್ಕ, ಮುಳಿಯಾರು ಕಡೆ ಆನೆಗಳೂ ಇಳಿಯುತ್ತವೆ. ಹಲಸು ಹಣ್ಣಾಗುವ ಕಾಲದಲ್ಲಿ ಹಲಸಿನ ಮರದ ಹತ್ತಿರ ಟೆಂಟು ಹಾಕುವವನಿಗೆ ಬುದ್ಧಿಯಿಲ್ಲ.

ಕಳೆದ ಜೂನ್‌ನಲ್ಲಿ ಅದೇ ಗೇರುತೋಟದಿಂದ ಇಳಿಯುವಾಗ ರಾತ್ರಿಯಿಡೀ ಮಳೆ ಹೊಡೆದು ಕೆಂಪು ಮಣ್ಣು ಬೆಣ್ಣೆಯಂತಾಗಿತ್ತು. "ಭಾವ, ನಾನು ನಡೆದೇ ಬರುತ್ತೇನೆ" ಎಂದು ಅವರು ಛತ್ರಿ ಬಿಡಿಸಿದರು. ನಾನು ಫೋರ್ ಲೋ, ಮೊದಲ ಗೇರು ಹಾಕಿ ಕ್ಲಚ್ಚು, ಬ್ರೇಕು ಎರಡರಿಂದಲೂ ಪಾದ ತೆಗೆದೆ. ಬ್ರೇಕ್ ಒತ್ತಿದರೆ ಚಕ್ರ ಕಚ್ಚಿಕೊಂಡು ಗಾಡಿ ಜಾರುಬಂಡಿಯಾಗುತ್ತದೆ; ಬಿಟ್ಟರೆ ಎಂಜಿನ್ನೇ ತಡೆಯುತ್ತದೆ. ಕಾಲು ಮಾತ್ರ ಬ್ರೇಕಿಗಾಗಿ ತುಡಿಯುತ್ತಲೇ ಇತ್ತು. ಹಳೆಯ ಕಣಿಯ ಪಕ್ಕ ಒಮ್ಮೆ ತುಸು ಜಾರಿತು, ವಾಲಲಿಲ್ಲ. ನಾನು ಕೆಳಗೆ ತಲುಪಿ ಎಂಜಿನ್ ನಿಲ್ಲಿಸಿ ಎರಡು ಲೋಟ ಗಂಜಿ ಬಗ್ಗಿಸಿದ ಮೇಲೆ ಭಾವ ಬಂದರು, ಕಾಲಿಗೆ ಹತ್ತಿದ್ದ ಜಿಗಣೆಗಳಿಗೆ ಉಪ್ಪು ಕೇಳುತ್ತಾ.

ಬಲಗಡೆಯ ಮುಂಚಕ್ರ ತಿರುಗುವ ಗೆಣ್ಣಿನ ಸೀಲಿನಿಂದ (ನಕ್ಕಲ್ ಸೀಲ್) ಈಗ ಮತ್ತೆ ಎಣ್ಣೆ ಜಿನುಗುತ್ತಿದೆ. ಬದಿಯಡ್ಕದ ಮೆಕ್ಯಾನಿಕ್ ಭಾನುವಾರ ಬರಹೇಳಿದ್ದಾರೆ.