ಕೆಟ್ಟ ಸುದ್ದಿ ತಂದವರಿಗೆ ಕುರ್ಚಿ

ತಂಡ ನಡೆಸುವುದನ್ನು ನಾನು ತರಬೇತಿ ಶಿಬಿರಗಳಲ್ಲಿ ಕಲಿತದ್ದು ಕಡಿಮೆ, ಒಬ್ಬ ಮೇಲಧಿಕಾರಿಯ ಕೈಕೆಳಗೆ ಕಲಿತದ್ದೇ ಹೆಚ್ಚು. ನಮ್ಮ ಸಾಫ್ಟ್‌ವೇರ್ ತಂಡದ ಮುಖ್ಯಸ್ಥೆ ಅವರು. ಎಲ್ಲರಿಗೂ ಮೇಡಂ. ಹುರಿದುಂಬಿಸುವ ಭಾಷಣ ಅವರಿಗೆ ಬರುತ್ತಲೇ ಇರಲಿಲ್ಲ, ಬರಬೇಕೆಂಬ ಆಸೆಯೂ ಇದ್ದಂತಿರಲಿಲ್ಲ. ಆದರೆ ಅವರ ತಂಡದಲ್ಲಿ ಕೆಟ್ಟ ಸುದ್ದಿ ತಡವಾಗಿ ಬರುತ್ತಿರಲಿಲ್ಲ. ಬೇರೆಡೆ ಗಡುವಿನ ಹಿಂದಿನ ದಿನ ಬಯಲಾಗುವಂಥ ಸಂಗತಿ ನಮ್ಮಲ್ಲಿ ವಾರಗಳ ಮೊದಲೇ ಅವರ ಮೇಜಿಗೆ ತಲುಪಿರುತ್ತಿತ್ತು.

ಇದರ ಗುಟ್ಟು ಅವರ ಪ್ರಶ್ನೆಗಳಲ್ಲಿತ್ತು. ಯಾರಾದರೂ ಬಂದು "ಮೇಡಂ, ಒಂದು ತೊಂದರೆಯಾಗಿದೆ" ಎಂದರೆ ಮೊದಲು "ಕುಳಿತುಕೊಳ್ಳಿ" ಎನ್ನುತ್ತಿದ್ದರು. ಆಮೇಲೆ "ಇದರಿಂದ ಈಗ ಯಾರ ಕೆಲಸ ನಿಂತಿದೆ?" ಎಂದು ಕೇಳುತ್ತಿದ್ದರು. ಅದಾದ ಮೇಲೆ "ನನ್ನಿಂದ ಏನಾಗಬೇಕು?" ಯಾರು ಮಾಡಿದ್ದು ಎಂಬ ವಿಚಾರಣೆ ಅಲ್ಲಿ ಇರಲಿಲ್ಲ. ಸರ್ವರ್ ಸರಿಹೋಗಿ, ರಾತ್ರಿ ದುಡಿದವರು ನಿದ್ದೆ ಮುಗಿಸಿ ಬಂದ ಮೇಲೆ ನಡೆದದ್ದನ್ನು ಹೊತ್ತುಹೊತ್ತಿನ ಕ್ರಮದಲ್ಲಿ ಬೋರ್ಡಿನ ಮೇಲೆ ಬರೆಸುತ್ತಿದ್ದರು. ಆಗಲೂ "ಹೀಗೇಕೆ ಮಾಡಿದಿರಿ?" ಎನ್ನದೆ "ಆ ಹೊತ್ತಿನಲ್ಲಿ ನಿಮಗೆ ಏನು ಕಾಣಿಸುತ್ತಿತ್ತು?" ಎಂದು ಕೇಳುವರು. ಒಮ್ಮೆ ಹೀಗೆ ಕೇಳುತ್ತ ಹೋದಾಗ, ಪರೀಕ್ಷೆಗೆ ಬಳಸುವ ಪರದೆಯೂ ಗ್ರಾಹಕರ ದತ್ತಾಂಶವಿರುವ ಪರದೆಯೂ ನೋಡಲು ಒಂದೇ ಥರ ಇದ್ದದ್ದು ಗೊತ್ತಾಯಿತು. ತಪ್ಪು ಪರದೆಯಲ್ಲಿ ಆದೇಶ ಕೊಟ್ಟ ಹುಡುಗನನ್ನು ಬೈದಿದ್ದರೆ ಮುಂದಿನ ತಿಂಗಳು ಇನ್ನೊಬ್ಬ ಅದನ್ನೇ ಮಾಡುತ್ತಿದ್ದ. ಅವರು ಪರದೆಯ ಬಣ್ಣ ಬದಲಿಸಿದರು, ಸಮಸ್ಯೆ ಅಲ್ಲಿಗೆ ಮುಗಿಯಿತು.

ಟೊಯೊಟಾ ಕಾರ್ಖಾನೆಗಳ ಹಗ್ಗದ ಕಥೆಯನ್ನು ಮೊದಲು ಕೇಳಿದ್ದು ಅವರಿಂದಲೇ. ಜೋಡಣಾ ಸಾಲಿನಲ್ಲಿ ನಿಂತ ಯಾವ ಕಾರ್ಮಿಕನೂ ದೋಷ ಕಂಡರೆ ಹಗ್ಗ ಎಳೆಯಬಹುದು. ಎಳೆದೊಡನೆ ಸಾಲು ನಿಲ್ಲುವುದಿಲ್ಲ. ದೀಪ ಹೊತ್ತಿಕೊಳ್ಳುತ್ತದೆ, ತಂಡದ ನಾಯಕ ಓಡಿ ಬರುತ್ತಾನೆ, ನಿಗದಿತ ಜಾಗ ತಲುಪುವುದರೊಳಗೆ ಸರಿಪಡಿಸಲಾಗದಿದ್ದರೆ ಮಾತ್ರ ಸಾಲು ನಿಲ್ಲುತ್ತದೆ. ಹಗ್ಗ ಕಟ್ಟುವುದು ಯಾರಿಗಾದರೂ ಸಾಧ್ಯ. ಎಳೆದಾಗ ಬಂದ ನಾಯಕ ಮುಖ ಗಂಟಿಕ್ಕಿದರೆ ಮಾರನೆಯ ದಿನದಿಂದ ಅದನ್ನು ಯಾರೂ ಮುಟ್ಟುವುದಿಲ್ಲ ಎನ್ನುತ್ತಿದ್ದರು.

ನಾನು ತಂಡದ ಹೊಣೆ ಹೊತ್ತಾಗ ಇದನ್ನೇ ಅನುಸರಿಸಿದೆ. ಮೊದಮೊದಲು ವರದಿಯಾಗುವ ತಪ್ಪುಗಳ ಸಂಖ್ಯೆ ಏರಿತು, ಮೇಲಿನವರು ಹುಬ್ಬೇರಿಸಿದರು. ಆಗ ನನ್ನ ನೆರವಿಗೆ ಬಂದದ್ದು ತಂಡಗಳ ಕೆಲಸದ ರೀತಿಯನ್ನು ಅಭ್ಯಸಿಸುವ ಅಮೆರಿಕದ ಸಂಶೋಧಕಿ ಆಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳ ಮೇಲೆ ನಡೆಸಿದ ಅಧ್ಯಯನ. ಔಷಧ ಕೊಡುವುದರಲ್ಲಿ ಒಳ್ಳೆಯ ತಂಡಗಳು ಕಡಿಮೆ ತಪ್ಪು ಮಾಡುತ್ತವೆ ಎಂದುಕೊಂಡು ಹೊರಟ ಅವರಿಗೆ ಆ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದು ಕಂಡಿತು. ಅಲ್ಲಿಯವರು ತಪ್ಪುಗಳನ್ನು ಮುಕ್ತವಾಗಿ ಹೇಳಿಕೊಳ್ಳುತ್ತಿದ್ದರು ಎಂಬುದು ಅವರು ಕಂಡುಕೊಂಡ ವಿವರಣೆ. ಇದನ್ನು ಮೇಲಿನವರ ಮುಂದಿಟ್ಟು ಒಂದಿಷ್ಟು ಕಾಲಾವಕಾಶ ಕೇಳಿ ಪಡೆದೆ.

ಮೇಡಂ ಮೃದು ಸ್ವಭಾವದವರು ಎಂದುಕೊಳ್ಳಬೇಡಿ. ಗೊತ್ತಿದ್ದೂ ಮುಚ್ಚಿಟ್ಟವರ ವಿಷಯದಲ್ಲಿ ಅವರಷ್ಟು ನಿಷ್ಠುರರನ್ನು ನಾನು ಕಂಡಿಲ್ಲ. ಬಾಗಿಲು ಹಾಕಿ, ಅದೇ ದಿನ, ನೇರವಾಗಿ ಹೇಳುತ್ತಿದ್ದರು. ಮರುದಿನ ಅದರ ಪ್ರಸ್ತಾಪವಿರುತ್ತಿರಲಿಲ್ಲ. ಮೇಲಿನವರ ಸಭೆಯಲ್ಲಿ ಸೋಲಿಗೆ "ನಾವು" ಎನ್ನುತ್ತಿದ್ದರು, ಗೆಲುವಿಗೆ ಮಾಡಿದವರ ಹೆಸರು ಹೇಳುತ್ತಿದ್ದರು.

ನಿರ್ಧಾರಗಳನ್ನು ಹಂಚುವ ಬಗೆಯನ್ನೂ ಅವರಿಂದಲೇ ಎರವಲು ಪಡೆದೆ. ಪ್ರತಿಯೊಬ್ಬರ ಕೆಲಸಗಳಲ್ಲೂ ಮೂರು ಬಗೆ: ನೀವೇ ನಿರ್ಧರಿಸಿ, ನನಗೆ ಹೇಳಬೇಕಿಲ್ಲ; ನಿರ್ಧರಿಸಿ, ಆಮೇಲೆ ತಿಳಿಸಿ; ಮೊದಲು ಕೇಳಿ. ಇದು ವ್ಯಕ್ತಿಯ ಯೋಗ್ಯತೆಗೆ ಕೊಟ್ಟ ಅಂಕವಲ್ಲ, ಕೆಲಸಕ್ಕೆ ಹಾಕಿದ ಗೆರೆ. ಹತ್ತು ವರ್ಷ ಪಳಗಿದವರಿಗೂ ದತ್ತಾಂಶ ಅಳಿಸುವ ಕೆಲಸದಲ್ಲಿ ಮೂರನೆಯ ಬಗೆಯೇ, ನಿನ್ನೆ ಸೇರಿದವರಿಗೂ ಪರೀಕ್ಷೆಯ ಕ್ರಮ ಆರಿಸಿಕೊಳ್ಳುವುದರಲ್ಲಿ ಮೊದಲನೆಯದು. ಗೆರೆ ಎಲ್ಲಿದೆ ಎಂದು ಬರೆದಿಟ್ಟ ಮೇಲೆ ನನ್ನ ಬಾಗಿಲಲ್ಲಿ ಅಪ್ಪಣೆಗಾಗಿ ಕಾಯುವವರು ಕಡಿಮೆಯಾದರು.

ಅವರ ಎಲ್ಲ ಅಭ್ಯಾಸಗಳೂ ನನಗೆ ಒಗ್ಗಲಿಲ್ಲ. ಸಭೆಯಲ್ಲಿ ಎಲ್ಲರೂ ಮಾತನಾಡಿ ಮುಗಿಸುವ ತನಕ ಅವರು ಬಾಯಿ ತೆರೆಯುತ್ತಿರಲಿಲ್ಲ. ಅವರ ಮೌನದಲ್ಲಿ ಜನ ಮಾತನಾಡುತ್ತಿದ್ದರು, ನನ್ನ ಮೌನಕ್ಕೆ ಹೊಸಬರು ಹೆದರುತ್ತಾರೆ. ಹಾಗಾಗಿ ಮೊದಲು ನನ್ನದೇ ಕೆಲಸದಲ್ಲಿ ತಡವಾಗಿರುವುದೇನು ಎಂದು ಹೇಳಿ, ಆಮೇಲೆ ಸುಮ್ಮನಾಗುತ್ತೇನೆ. "ಏನಾದರೂ ತೊಂದರೆ ಇದೆಯೇ?" ಎಂದು ಕೇಳುವುದನ್ನೂ ಬಿಟ್ಟಿದ್ದೇನೆ, ಅದಕ್ಕೆ ಯಾವಾಗಲೂ "ಇಲ್ಲ" ಎಂಬ ಉತ್ತರವೇ ಸಿಗುತ್ತದೆ. "ಇದರಲ್ಲಿ ಯಾವ ಭಾಗದ ಮೇಲೆ ನಿಮಗಿನ್ನೂ ನಂಬಿಕೆ ಬಂದಿಲ್ಲ?" ಎಂದು ಕೇಳಿದರೆ ತಂಡಕ್ಕೆ ಸೇರಿದ ಮೊದಲ ವಾರದವರೂ ಏನಾದರೊಂದನ್ನು ಹೇಳುತ್ತಾರೆ.