ಟಿಲ್ಟ್ ಬಕೆಟ್ ಒಂದೇ ಕಡೆ ವಾಲುತ್ತಿದ್ದರೆ

ಮಿನಿ ಎಕ್ಸ್‌ಕವೇಟರ್‌ಗೆ (ಸಣ್ಣ ಅಗೆಯುವ ಯಂತ್ರ) ಟಿಲ್ಟ್ ಬಕೆಟ್, ಅಂದರೆ ಎಡಬಲಕ್ಕೆ ವಾಲುವ ಬಕೆಟ್, ಕೂಡಿಸಿದಾಗ ಅದು ಎಡಕ್ಕೆ ವಾಲಿತು, ಬಲಕ್ಕೆ ಮರಳಲಿಲ್ಲ. ಸಿಲಿಂಡರ್ ಸೀಲ್ ಚೆನ್ನಾಗಿಯೇ ಇತ್ತು. ತೊಂದರೆ ಇದ್ದದ್ದು ಹೈಡ್ರಾಲಿಕ್ ಎಣ್ಣೆಯ ಲೈನಿನಲ್ಲಿ, ಅದು ಬ್ರೇಕರ್‌ಗೆ (ಕಲ್ಲು ಒಡೆಯುವ ಸುತ್ತಿಗೆ) ಹೊಂದಿಸಿದಂತೆಯೇ ಇತ್ತು: ಬ್ರೇಕರ್‌ಗೆ ಎಣ್ಣೆ ಒಂದು ಪೈಪಿನಲ್ಲಿ ಹೋಗಿ ಇನ್ನೊಂದರಲ್ಲಿ ನೇರ ಟ್ಯಾಂಕಿಗೆ ಇಳಿದರೆ ಸಾಕು, ಟಿಲ್ಟ್ ಸಿಲಿಂಡರ್‌ಗೆ ಎರಡೂ ಪೈಪಿನಲ್ಲಿ ಸರದಿಯಂತೆ ಒತ್ತಡ ಬೇಕು. ಬಕೆಟ್ ನೆಲಕ್ಕೂರಿ, ಎಂಜಿನ್ ಆಫ್ ಮಾಡಿ, ಲೈನಿನ ಒತ್ತಡ ಇಳಿಸಿ, ಎಣ್ಣೆಯ ದಾರಿ ಬದಲಿಸುವ ಸೆಲೆಕ್ಟರ್ ವಾಲ್ವನ್ನು ಎರಡು ದಿಕ್ಕಿನ ಸ್ಥಾನಕ್ಕೆ ತಿರುಗಿಸಿದೆ. ಬಕೆಟ್ ಎರಡೂ ಕಡೆ ವಾಲಿತು, ಆದರೆ ಜರ್ಕ್ ಹೊಡೆಯುತ್ತಿತ್ತು, ಒಳಗೆ ಗಾಳಿ. ಎಂಜಿನ್ ಐಡಲ್‌ನಲ್ಲಿಟ್ಟು (ಕಡಿಮೆ ವೇಗ) ತುದಿಯಿಂದ ತುದಿಗೆ 5–6 ಸಲ ನಿಧಾನ ವಾಲಿಸಿದ ಮೇಲೆ ಜರ್ಕ್ ನಿಂತಿತು. ಆಮೇಲೆ ಎಣ್ಣೆಯ ಮಟ್ಟ ನೋಡಲೇಬೇಕು, ಖಾಲಿ ಸಿಲಿಂಡರ್ ಸಾಕಷ್ಟು ಎಳೆದುಕೊಂಡಿರುತ್ತದೆ. ಹೋಸ್ ಉದ್ದವನ್ನು ಬಕೆಟ್ ಪೂರ್ತಿ ಮಡಚಿ, ಎರಡೂ ಕಡೆ ವಾಲಿಸಿಯೇ ಅಳೆಯಿರಿ. ನೇರ ನಿಲ್ಲಿಸಿ ಅಳೆದದ್ದು ಕೆಲಸದಲ್ಲಿ ಕಿತ್ತುಬರುತ್ತದೆ.